ಐರನ್ ಹಾರ್ಸ್ ದಾರಿ: ಬಿಳಿಗೆರೆ ಕಡೆಯ ತಂದೆತಾಯಿಗಳಿಗೆ ಬಳಕೆಯ ಕೈಪಿಡಿ

ಬಳಸುವ ಮುನ್ನ

ಈ ಕೈಪಿಡಿ ಬಿಳಿಗೆರೆಯಿಂದ, ಅಥವಾ ಅದರ ಸುತ್ತಿನ ನಂಜನಗೂಡು, ತಿರುಮಕೂಡಲು ನರಸೀಪುರದ ಯಾವುದೇ ಹಳ್ಳಿಯಿಂದ ಹೊರಟು, ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್, ಡಬ್ಲಿನ್, ಪ್ಲೆಸೆಂಟನ್ ಊರುಗಳಲ್ಲಿರುವ ಮಗನ ಮನೆಗೋ ಮಗಳ ಮನೆಗೋ ಆರು ತಿಂಗಳಿಗೆಂದು ಹೋಗುವವರಿಗಾಗಿ. ಹೋದ ಮೊದಲ ವಾರ ನಿದ್ದೆ ಹಗಲಿಗೆ ಬರುತ್ತದೆ. ಎರಡನೇ ವಾರದಲ್ಲಿ ಲಿವರ್‌ಮೋರಿನ ಶಿವ-ವಿಷ್ಣು ದೇವಸ್ಥಾನ, ಗೋಲ್ಡನ್ ಗೇಟ್ ಸೇತುವೆ ಎರಡೂ ಮುಗಿಯುತ್ತವೆ. ಆಮೇಲೆ ಮಗ ಒಂದು ಕಂಪ್ಯೂಟರಿನ ಮುಂದೆ, ಸೊಸೆ ಇನ್ನೊಂದು ಕಂಪ್ಯೂಟರಿನ ಮುಂದೆ, ಮೊಮ್ಮಗಳು ಶಾಲೆಯಲ್ಲಿ. "ಅಪ್ಪಾಜಿ, ಕೂತು ಕೂತು ಬೇಜಾರಾದ್ರೆ ಅವ್ವನ್ನ ಕರ್ಕೊಂಡು ಟ್ರೇಲ್ ಕಡೆ ಹೋಗ್ಬನ್ನಿ, ಮನೆ ಹಿಂದೇನೇ ಐತೆ" ಎಂದು ಮಗ ಹೇಳುವ ಬೆಳಗು ಒಂದು ಬಂದೇ ಬರುತ್ತದೆ. ಆ ಬೆಳಗಿಗೆ ಇದನ್ನು ಕನ್ನಡಕದ ಜೊತೆಯಲ್ಲೇ ಇಟ್ಟುಕೊಂಡಿರತಕ್ಕದ್ದು.

ವಸ್ತುವಿನ ಪರಿಚಯ ಹೀಗೆ. 1891ರಲ್ಲಿ ಸದರ್ನ್ ಪೆಸಿಫಿಕ್ ಕಂಪನಿ ಸ್ಯಾನ್ ರಮೋನ್ ಕಣಿವೆಗೆ ರೈಲು ಹಾಕಿತು. ಒಣಹುಲ್ಲು, ಗೋಧಿ, ಅಕ್ರೋಟು, ಪೇರ್ ಹಣ್ಣು ಹೊತ್ತು ಓಡಾಡಿದ ಆ ರೈಲು ಲಾರಿಗಳ ಕಾಲದಲ್ಲಿ ಸೊರಗಿತು. 1977ರಲ್ಲಿ ಕಂಪನಿ ಆ ಮಾರ್ಗದ ಕೈಬಿಟ್ಟಿತು. ಹಳಿ ಹೋಯಿತು, ನೆಲದ ಪಟ್ಟಿ ಉಳಿಯಿತು. ಅದರ ಮೇಲೆ ಟಾರು ಹಾಕಿ, ನಡೆಯುವವರಿಗೂ ಸೈಕಲ್ಲಿನವರಿಗೂ ಕುದುರೆ ಸವಾರರಿಗೂ ಬಿಟ್ಟುಕೊಟ್ಟರು. ಕಾನ್‌ಕಾರ್ಡ್‌ನಿಂದ ಪ್ಲೆಸೆಂಟನ್‌ವರೆಗೆ ಸುಮಾರು 30 ಮೈಲಿ. ಈಸ್ಟ್ ಬೇ ರೀಜನಲ್ ಪಾರ್ಕ್ ಡಿಸ್ಟ್ರಿಕ್ಟ್ ಎಂಬ ಸರ್ಕಾರಿ ಸಂಸ್ಥೆ ಇದನ್ನು ನೋಡಿಕೊಳ್ಳುತ್ತದೆ.

ಅದೇ 1891ರಲ್ಲೇ ಮೈಸೂರಿನಿಂದ ನಂಜನಗೂಡಿಗೆ ರೈಲು ಬಂದದ್ದು. ಎರಡೂ ಒಂದೇ ವಾರಿಗೆಯವು. ಒಂದು ಇನ್ನೂ ದುಡಿಯುತ್ತಿದೆ, ಇನ್ನೊಂದರ ಮೇಲೆ ಜನ ವಾಕಿಂಗ್ ಹೋಗುತ್ತಾರೆ.

ಊರಿನಲ್ಲೇ ಮುಗಿಸಿಕೊಳ್ಳಬೇಕಾದ ಅಭ್ಯಾಸ

ಬಿಳಿಗೆರೆಗೆ ರೈಲಿಲ್ಲ. ತಿರುಮಕೂಡಲಿನಲ್ಲಿ ಎರಡು ಹೊಳೆ ಕೂಡಿದರೂ ರೈಲು ಮಾತ್ರ ಕೂಡಲಿಲ್ಲ. ಆದ್ದರಿಂದ ಅಭ್ಯಾಸಕ್ಕೆ ನಂಜನಗೂಡಿಗೇ ಹೋಗಬೇಕು. ಹೇಗೂ ವೀಸಾ ಬಂದ ಮೇಲೆ ನಂಜುಂಡೇಶ್ವರನಿಗೆ ಒಂದು ಪೂಜೆ ಇದ್ದೇ ಇರುತ್ತದೆ. ಅದನ್ನು ಮುಗಿಸಿ ಕಪಿಲಾ ನದಿಯ ಹಳೇ ಸೇತುವೆ ಕಾಣುವಲ್ಲಿ ನಿಲ್ಲಿ.

ಸೇತುವೆ ಕಟ್ಟಿದ್ದು 1735ರಲ್ಲಿ, ದಳವಾಯಿಗಳ ಕಾಲದಲ್ಲಿ. ಪ್ರಪಂಚದ ಮೊದಲ ಸಾರ್ವಜನಿಕ ಉಗಿಬಂಡಿ ಇಂಗ್ಲೆಂಡಿನಲ್ಲಿ ಓಡಿದ್ದು 1825ರಲ್ಲಿ. ಅಂದರೆ ರೈಲು ಎಂಬುದು ಹುಟ್ಟುವ ತೊಂಬತ್ತು ವರ್ಷ ಮೊದಲೇ ಈ ರೈಲು ಸೇತುವೆ ತಯಾರಾಗಿತ್ತು. ಎತ್ತಿನ ಗಾಡಿಯ ಲೆಕ್ಕದಲ್ಲಿ ಕಟ್ಟಿದ ಕಮಾನುಗಳ ಮೇಲೆ ಆಮೇಲೆ ಮೀಟರ್ ಗೇಜ್ ಹಳಿ ಬಂತು. ರಸ್ತೆಯ ಬಂಡಿಯೂ ರೈಲೂ ಒಂದೇ ಸೇತುವೆಯ ಮೇಲೆ ಅಕ್ಕಪಕ್ಕ ಓಡಾಡಿದವು. ಬ್ರಾಡ್ ಗೇಜ್ ಬಂದಾಗ ರೈಲಿಗೆ ಪಕ್ಕದಲ್ಲಿ ಹೊಸ ಸೇತುವೆ ಕಟ್ಟಿ, ಹಳೆಯದಕ್ಕೆ ಕೆಲಸದಿಂದ ಬಿಡುವು ಕೊಟ್ಟರು.

ಈಗ ಸೇತುವೆಯ ಎರಡೂ ತುದಿಯಿಂದ ಮುಂದಿನ ಹಳೇ ದಾರಿಯನ್ನು ಕಣ್ಣಲ್ಲೇ ಹುಡುಕಿ. ಸಿಗುವುದಿಲ್ಲ. ಸೇತುವೆಯನ್ನು ಬಿಟ್ಟರೆ ಬಹುಪಾಲು ಅದೇ ಪಟ್ಟಿಯ ಮೇಲೆ ಹೊಸ ಹಳಿ ಬಿದ್ದಿದೆ. ಒಂದು ಮೀಟರ್ ಅಗಲದ ಹಳಿ 1,676 ಮಿಲಿಮೀಟರಿಗೆ ಹಿಗ್ಗಿತು, ಅಷ್ಟೆ. ನಮ್ಮ ರೈಲ್ವೆ ಜಾಗ ಬಿಟ್ಟುಕೊಡುವ ಪೈಕಿಯಲ್ಲ. 1992ರಲ್ಲಿ ಶುರುವಾದ ಏಕ ಗೇಜ್ ಯೋಜನೆಯಲ್ಲಿ ದೇಶದ ಮೀಟರ್ ಗೇಜು, ನ್ಯಾರೋ ಗೇಜುಗಳನ್ನು ಒಂದೊಂದಾಗಿ ಅಗಲಿಸಿಕೊಂಡೇ ಬಂತು. ಕೋಲಾರ, ಚಿಕ್ಕಬಳ್ಳಾಪುರದ ಪುಟ್ಟ ರೈಲೂ ಹಾಗೆಯೇ ದೊಡ್ಡದಾಯಿತು. ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಹೋಗುತ್ತಿದ್ದ ಕಿರುಹಳಿಯಂಥವು ಮುಚ್ಚಿಹೋದದ್ದೂ ಉಂಟು. ಆದರೆ ಮುಚ್ಚಿದ್ದನ್ನು ನಡೆಯುವವರಿಗೆಂದು ಟಾರು ಹಾಕಿ ಕೊಡುವ ಪದ್ಧತಿ ನಮ್ಮಲ್ಲಿ ಬೆಳೆಯಲಿಲ್ಲ. ಆ ಕಾರಣಕ್ಕೇ ಈ ವಸ್ತು ಹೊರದೇಶದಲ್ಲಿ ಮಾತ್ರ ಲಭ್ಯ.

ಇನ್ನು ಮುಖ್ಯ ಅಭ್ಯಾಸ. ನದಿಯ ದಡದಲ್ಲಿ ಹತ್ತು ನಿಮಿಷ ಆ ಕಡೆ ಹೋಗಿ, ಹತ್ತು ನಿಮಿಷ ಈ ಕಡೆ ಬನ್ನಿ. ಕೈಯಲ್ಲಿ ಚೀಲ ಇರಕೂಡದು. ಯಾರಾದರೂ "ಎಲ್ಲಿಗೆ ಹೊಂಟ್ರಿ?" ಎಂದರೆ "ಎಲ್ಲಿಗೂ ಇಲ್ಲ, ಸುಮ್ನೆ" ಎನ್ನಬೇಕು. ಇದು ಕೇಳಿದಷ್ಟು ಸುಲಭವಲ್ಲ. ನಮ್ಮ ಕಡೆ ಹೆಜ್ಜೆ ಇಟ್ಟರೆ ಹೊಲಕ್ಕೆ, ಹಾಲಿನ ಡೈರಿಗೆ, ಸೊಸೈಟಿಗೆ, ಬಸ್ ಸ್ಟಾಪಿಗೆ. ಕಾರಣವಿಲ್ಲದೆ ನಡೆಯಬೇಕಾದರೆ ಡಾಕ್ಟರು ಚೀಟಿ ಬರೆದುಕೊಡಬೇಕು. "ಸುಮ್ನೆ" ಎಂದಾಗ ಕೇಳಿದವರು ನಂಬಿ ಮುಂದೆ ಹೋದರೆ ನೀವು ತಯಾರಾದಿರಿ ಎಂದರ್ಥ. ನಂಬದೆ, ಮನೆಯಲ್ಲಿ ಏನಾದರೂ ಜಗಳವಾಯಿತೆ ಎಂದು ಮೆಲ್ಲಗೆ ವಿಚಾರಿಸಿದರೆ ಅಭ್ಯಾಸ ಮುಂದುವರಿಸಿ.

ಉಡುಪು

ಸೀರೆಗೆ ಸ್ಪೋರ್ಟ್ಸ್ ಶೂ ಹಾಕಬಹುದು. ಅಲ್ಲಿ ಯಾರೂ ನಗುವುದಿಲ್ಲ, ನಗುವವರೆಲ್ಲ ಊರಲ್ಲಿದ್ದಾರೆ. ಮಂಕಿ ಕ್ಯಾಪು ಬೆಳಿಗ್ಗೆ ಎಂಟರವರೆಗೆ ಸಾಕು, ಬೇಸಿಗೆಯ ಮಧ್ಯಾಹ್ನ ಆ ಕಣಿವೆ ನಮ್ಮ ಏಪ್ರಿಲ್ಲಿಗೆ ಸಮ. ನೀರಿನ ಬಾಟಲಿ ಒಯ್ಯಿರಿ. ಶೌಚಾಲಯ ದಾರಿಯುದ್ದಕ್ಕೂ ಇಲ್ಲ, ಮನೆಯಲ್ಲೇ ಮುಗಿಸಿ ಹೊರಡಿ. ಮರದ ಮರೆ ಎಂಬ ಸೌಲಭ್ಯವನ್ನು ಆ ದೇಶದಲ್ಲಿ ಬಳಸತಕ್ಕದ್ದಲ್ಲ.

ಚಾಲನೆ

ಬಲಗಡೆ ನಡೆಯಬೇಕು. ಅರವತ್ತು ವರ್ಷ ಎಡಗಡೆ ನಡೆದ ಕಾಲು ಮೊದಲ ದಿನ ಕೇಳುವುದಿಲ್ಲ. ದಂಪತಿ ಅಕ್ಕಪಕ್ಕ ನಡೆಯುವ ಬದಲು ಹಿಂದೆ ಮುಂದೆ ನಡೆದರೆ ಅನುಕೂಲ. ಇದರಲ್ಲಿ ನಮ್ಮ ಕಡೆಯವರಿಗೆ ಹೆಚ್ಚಿನ ತರಬೇತಿ ಬೇಕಾಗುವುದಿಲ್ಲ, ಯಜಮಾನರು ನಲವತ್ತು ವರ್ಷದಿಂದ ಹತ್ತು ಮಾರು ಮುಂದೆಯೇ ನಡೆಯುತ್ತಿದ್ದಾರೆ.

ಹಿಂದಿನಿಂದ ಬರುವ ಸೈಕಲ್ಲಿನವರು "ಆನ್ ಯುವರ್ ಲೆಫ್ಟ್" ಎಂದು ಕೂಗುತ್ತಾರೆ. ನಿಮ್ಮ ಎಡದಿಂದ ದಾಟಿ ಹೋಗುತ್ತೇನೆ, ನೀವು ಇದ್ದ ಹಾಗೇ ಇರಿ ಎಂದು ಅದರ ಮತಲಬು. ಲೆಫ್ಟ್ ಎಂಬ ಶಬ್ದ ಕಿವಿಗೆ ಬಿದ್ದೊಡನೆ ಎಡಕ್ಕೆ ಹಾರಕೂಡದು. ನಿಲ್ಲಲೂ ಕೂಡದು, ಯಾರಪ್ಪಾ ಎಂದು ತಿರುಗಲೂ ಕೂಡದು. ಸೈಕಲ್ಲಿಗೆ ಅಲ್ಲಿ ಗಂಟೆಗೆ 15 ಮೈಲಿಯ ಮಿತಿ ಇದೆ. ಬ್ಯಾಟರಿ ಸೈಕಲ್ಲಿನ ಹುಡುಗರಿಗೆ ಅದು ಗೊತ್ತಿಲ್ಲದಿದ್ದರೆ, ಗೊತ್ತುಮಾಡಿಸುವ ಹೊಣೆ ನಿಮ್ಮದಲ್ಲ.

ದಾರಿ ಅಲ್ಲಲ್ಲಿ ಡಾಂಬರು ರಸ್ತೆಯನ್ನು ಅಡ್ಡ ದಾಟುತ್ತದೆ. ಸಿಗ್ನಲ್ ಇದ್ದಲ್ಲಿ ಗುಂಡಿ ಒತ್ತಿ ಕಾಯಬೇಕು. ಇಲ್ಲದಲ್ಲಿ ನೀವು ಅಂಚಿಗೆ ಬಂದು ನಿಂತರೆ ಕಾರು ತಾನೇ ನಿಲ್ಲುತ್ತದೆ. ಗಾಬರಿ ಬೇಡ, ಅವನಿಗೆ ವಿಳಾಸ ಕೇಳಬೇಕಿಲ್ಲ, ನೀವು ದಾಟಲೆಂದೇ ನಿಂತಿದ್ದಾನೆ. "ನೀನೇ ಹೋಗಪ್ಪ, ನಮ್ಗೇನು ಅವಸರ" ಎಂದು ಕೈ ಬೀಸಿದರೆ ಅವನೂ ಒಳಗಿಂದ ಕೈ ಬೀಸುತ್ತಾನೆ. ಈ ಉಪಚಾರದಲ್ಲಿ ಅವನ ಹಿಂದೆ ಹತ್ತು ಕಾರು ಸೇರುತ್ತವೆ. ಸ್ಯಾನ್ ರಮೋನಿನ ಬೋಲಿಂಜರ್ ಕ್ಯಾನ್ಯನ್ ರಸ್ತೆಯ ಮೇಲೆ ನಡೆಯುವವರಿಗೂ ಸೈಕಲ್ಲಿನವರಿಗೂ ಬೇರೆ ಸೇತುವೆಯನ್ನೇ ಕಟ್ಟಿದ್ದಾರೆ, ಅಲ್ಲಿ ಈ ತೊಂದರೆ ಇಲ್ಲ.

ಮಂಡಿ ನೋವಿನವರು ಹೆದರಬೇಕಿಲ್ಲ. ಈ ದಾರಿಯ ದೊಡ್ಡ ಗುಣ ಇರುವುದೇ ಇದರಲ್ಲಿ. ಕಬ್ಬಿಣದ ಹಳಿಯ ಮೇಲೆ ಕಬ್ಬಿಣದ ಗಾಲಿ ಜಾರುತ್ತದೆ, ಏರು ಹತ್ತುವ ಶಕ್ತಿ ರೈಲಿಗೆ ಬಹಳ ಕಡಮೆ. ನೂರು ಅಡಿ ಹೋಗುವಷ್ಟರಲ್ಲಿ ಒಂದು ಅಡಿ ಏರಿದರೆ ಅದೇ ಹೆಚ್ಚು. ಸಕಲೇಶಪುರದ ಘಾಟಿಯಲ್ಲಿ ಐವತ್ತು ಅಡಿಗೆ ಒಂದು ಅಡಿ ಏರುತ್ತದೆ, ಅದಕ್ಕೇ ಗೂಡ್ಸು ಗಾಡಿಗೆ ಹಿಂದಿನಿಂದ ತಳ್ಳಲು ಇನ್ನಷ್ಟು ಇಂಜಿನ್ ಬೇಕು. ಹಾಗಾಗಿ ರೈಲಿನ ಇಂಜಿನಿಯರು ದಿಬ್ಬ ಸಿಕ್ಕರೆ ಕಡಿದ, ಹಳ್ಳ ಸಿಕ್ಕರೆ ತುಂಬಿದ, ಗುಡ್ಡ ಸಿಕ್ಕರೆ ಬಳಸಿದ. ಅವನು ಲೆಕ್ಕ ಹಾಕಿದ್ದು ಅಕ್ರೋಟಿನ ಮೂಟೆಗಾಗಿ, ಲಾಭ ಬಂದದ್ದು ಕೀಲು ಸವೆದವರಿಗೆ.

ಬೇಲಿಯಾಚೆಯಿಂದ ಗುಲಾಬಿ, ನಿಂಬೆಹಣ್ಣು ದಾರಿಗೆ ಬಾಗಿರುತ್ತವೆ. ಕೀಳಕೂಡದು. ದೇವರ ಪೂಜೆಗೆ ಎಂಬ ವಿನಾಯಿತಿ ಅಲ್ಲಿಯ ಕಾನೂನಿನಲ್ಲಿಲ್ಲ. ನಾಯಿ ಹಿಡಿದು ಬರುವವರ ಕೈಯಲ್ಲಿ ಸಣ್ಣದೊಂದು ಪ್ಲಾಸ್ಟಿಕ್ ಚೀಲ ಕಂಡರೆ ಒಳಗೇನಿದೆ ಎಂದು ವಿಚಾರಿಸಬೇಡಿ. ಕುದುರೆಯೂ ಬರಬಹುದು. ರೈಲಿಗೆ ಹಳಬರು ಇಟ್ಟಿದ್ದ ಐರನ್ ಹಾರ್ಸ್, ಅಂದರೆ ಕಬ್ಬಿಣದ ಕುದುರೆ, ಎಂಬ ಅಡ್ಡಹೆಸರೇ ದಾರಿಗೆ ಉಳಿದಿದೆಯಾದ್ದರಿಂದ, ಫಲಕದ ಮೇಲಿನ ಕುದುರೆಯೂ ದಾರಿಯ ಮೇಲಿನ ಕುದುರೆಯೂ ಬೇರೆ ಬೇರೆ ಎಂದು ತಿಳಿದಿರಿ. ಎರಡನೆಯದಕ್ಕೆ ಜಾಗ ಬಿಡಬೇಕು.

ಮಾತುಕತೆ

ಎದುರು ಬಂದವರು "ಗುಡ್ ಮಾರ್ನಿಂಗ್" ಎಂದರೆ ಅಷ್ಟೇ ಹೇಳಿ ಮುಂದೆ ಹೋಗಿ. ಅದು ಮಾತಿನ ಆರಂಭವಲ್ಲ, ಮುಕ್ತಾಯ. ಎಷ್ಟು ಮಕ್ಕಳು, ಸಂಬಳವೆಷ್ಟು, ಮನೆ ಸ್ವಂತದ್ದೋ ಬಾಡಿಗೆಯೋ ಎಂಬುದಕ್ಕೆಲ್ಲ ಮುಂದಿನ ಬೆಂಚಿದೆ. ಸ್ಯಾನ್ ರಮೋನ್, ಡಬ್ಲಿನ್ ಆಸುಪಾಸಿನಲ್ಲಿ ಅಂಥ ಬೆಂಚುಗಳ ಮೇಲೆ ಬೆಳಿಗ್ಗೆ ತೆಲುಗಿನವರು, ಗುಜರಾತಿನವರು, ಪಂಜಾಬಿನವರು, ಚೀನಾದ ಅಜ್ಜಂದಿರು ಕೂತಿರುತ್ತಾರೆ. ಅವರಲ್ಲಿ ಕನ್ನಡದವರು ಯಾರು ಎಂದು ಕಂಡುಹಿಡಿಯಲು ಪಕ್ಕದವರ ಜೊತೆ ಸ್ವಲ್ಪ ಗಟ್ಟಿಯಾಗಿ "ತಿಂಡಿ ಆಯ್ತಾ?" ಎಂದು ಕೇಳಿ. ಮೂರನೇ ಬೆಂಚಿನ ತಲೆ ತಿರುಗುತ್ತದೆ. ಆಮೇಲೆ ಯಾವೂರು, ಯಾವ ಬೀದಿ, ಸುತ್ತೂರು ಜಾತ್ರೆಗೆ ಹೋಗುತ್ತಿದ್ದಿರಾ ಎಂದು ವಿಚಾರಿಸಿಕೊಂಡರೆ ಹನ್ನೊಂದು ಗಂಟೆಯ ತನಕ ಕೈಪಿಡಿಯ ಅಗತ್ಯ ಬೀಳುವುದಿಲ್ಲ.

ಪದೇ ಪದೇ ಬರುವ ಪ್ರಶ್ನೆ: ಇದು ಯಾರ ಜಮೀನು?

ಪೇಟೆಯಲ್ಲಿ ಬೆಳೆದವರು ಈ ದಾರಿಯ ಮರ ನೋಡುತ್ತಾರೆ, ಹಕ್ಕಿ ನೋಡುತ್ತಾರೆ. ಹೊಲ ಇದ್ದವರು ನಾಲ್ಕು ದಿನ ನಡೆದ ಮೇಲೆ ಎರಡೂ ಬದಿಯ ಬೇಲಿ ನೋಡಲು ಶುರುಮಾಡುತ್ತಾರೆ. ಬೇಲಿ ಮೈಲಿಗಟ್ಟಲೆ ನೆಟ್ಟಗೆ ಹೋಗುತ್ತದೆ. ಒಬ್ಬನೂ ಒಂದು ಮೊಳ ಮುಂದೆ ಬಂದಿಲ್ಲ. ರೈಲು ನಿಂತು ಇಷ್ಟು ವರ್ಷವಾಯಿತು, ಬೆಲೆ ನೋಡಿದರೆ ಚದರಡಿಗೆ ಚಿನ್ನ ಸುರಿಯುವ ಜಾಗ. ಇದನ್ನು ಹೇಗೆ ಬಿಟ್ಟರು?

ಈ ಪ್ರಶ್ನೆ ನ್ಯಾಯವಾದದ್ದು. ನಮ್ಮಲ್ಲಿ ಗ್ರಾಮ ನಕಾಶೆ ತೆಗೆದು ನೋಡಿದರೆ ಹೊಲದ ನಡುವೆ ಬಂಡಿದಾರಿ ಜೋಡಿ ಗೆರೆಯಲ್ಲಿ ಸೊಗಸಾಗಿ ಹೋಗಿರುತ್ತದೆ. ಜಾಗಕ್ಕೆ ಹೋದರೆ ಸೈಕಲ್ಲು ತಳ್ಳಿಕೊಂಡು ಹೋಗಲೂ ಆಗುವುದಿಲ್ಲ. ಯಾರೂ ಕದ್ದಿಲ್ಲ. ಒಬ್ಬ ಉಳುವಾಗ ಈ ವರ್ಷ ಒಂದು ಸಾಲು ಹೆಚ್ಚು ಉತ್ತ, ಎದುರಿನವನು ಮುಂದಿನ ವರ್ಷ ಒಂದು ಸಾಲು ಉತ್ತ. ಟ್ರ್ಯಾಕ್ಟರ್ ತಿರುಗಿಸಲು ಜಾಗ ಸಾಲದೆ ಬದು ಕರಗಿತು. ಬಾಂದುಕಲ್ಲು ಮಳೆಗೆ ವಾಲಿ, ಎತ್ತಿ ನಿಲ್ಲಿಸುವಾಗ ಸ್ವಲ್ಪ ಆಚೆ ನಿಂತಿತು. ಅಂಚಿಗೆ ನಾಲ್ಕು ತೆಂಗು ಬಂತು, ತೆಂಗಿಗೆ ನೀರು ಬಿಡಲು ಪಂಪ್‌ಸೆಟ್ಟಿನ ಮನೆ ಬಂತು. ಒಂದು ತಲೆಮಾರು ಕಳೆದ ಮೇಲೆ ದಾರಿ ಕೇಳಿದವನೇ ತಪ್ಪಿತಸ್ಥ. ಪಹಣಿಯಲ್ಲಿ ಅದು ಬಿ ಖರಾಬು, ಸಾರ್ವಜನಿಕರದ್ದು. ಹೊಲದಲ್ಲಿ ಅದು ರಾಗಿ.

ಅಮೆರಿಕದವರು ನಮಗಿಂತ ಸಾಧುಗಳು ಎಂದುಕೊಳ್ಳಬೇಡಿ. 1916ರಲ್ಲಿ ಅಲ್ಲಿ ಸುಮಾರು 2,54,000 ಮೈಲಿ ರೈಲು ಮಾರ್ಗವಿತ್ತು. ಆಮೇಲೆ ಸಾವಿರಾರು ಮೈಲಿ ನಿಂತುಹೋದವು, ಎಷ್ಟೋ ಪಟ್ಟಿಗಳು ತುಂಡು ತುಂಡಾಗಿ ಪಕ್ಕದವರ ಪಾಲಾದವು. ರೈಲಿನ ಪಟ್ಟಿಯ ಸ್ವಭಾವ ವಿಚಿತ್ರ. ಮೂವತ್ತು ಮೈಲಿಯಲ್ಲಿ ನಡುವಿನ ಅರ್ಧ ಫರ್ಲಾಂಗನ್ನು ಒಬ್ಬ ನುಂಗಿದರೆ ಮಿಕ್ಕದ್ದೂ ಕೆಲಸಕ್ಕೆ ಬಾರದು. ಕಳೆದುಕೊಂಡ ಮೇಲೆ ಮತ್ತೆ ಕೂಡಿಸಬೇಕಾದರೆ ಒಬ್ಬೊಬ್ಬರ ಮನೆ ಬಾಗಿಲಿಗೂ ಹೋಗಬೇಕು. ಇದು ಅರಿವಾದ ಮೇಲೆ 1983ರಲ್ಲಿ ಒಂದು ಕಾನೂನು ಮಾಡಿದರು. ಕಂಪನಿ ರೈಲು ನಿಲ್ಲಿಸಿದರೂ ಪಟ್ಟಿಯನ್ನು ಇಡಿಯಾಗಿ ಒಪ್ಪಿಕೊಳ್ಳುವ ಸಂಸ್ಥೆಗೆ ಕೊಡಬಹುದು. ಮುಂದೊಂದು ದಿನ ರೈಲು ಬೇಕಾದರೆ ವಾಪಸು, ಅಲ್ಲಿಯವರೆಗೆ ಜನ ನಡೆದಾಡಲಿ. ರೈಲು ಸತ್ತಿಲ್ಲ, ಮಲಗಿದೆ ಎಂಬುದು ಅದರ ಮರ್ಮ. ನಮ್ಮ ಊರಿನ ವಕೀಲರಿಗೆ ಇದನ್ನು ಹೇಳಿದರೆ ಕುರ್ಚಿಯಿಂದ ಎದ್ದು ಕೈ ಮುಗಿಯುತ್ತಾರೆ.

ಪಕ್ಕದ ಜಮೀನಿನವರು ಬಿಟ್ಟಾರೆಯೆ? ರೈಲು ಹೋದ ಮೇಲೆ ನೆಲ ನಮಗೆ ಬರಬೇಕು ಎಂದು ಅಲ್ಲಿಯ ಸುಪ್ರೀಂ ಕೋರ್ಟಿನವರೆಗೂ ಹೋದರು. 1990ರಲ್ಲಿ ಕೋರ್ಟು ಆ ಕಾನೂನನ್ನು ಎತ್ತಿಹಿಡಿಯಿತು. 2014ರಲ್ಲಿ ವಯೋಮಿಂಗ್ ರಾಜ್ಯದ ಒಂದು ಕುಟುಂಬದ ಬೇರೊಂದು ಬಗೆಯ ದಾವೆಯಲ್ಲಿ, ಹಳೇ ಕಾಲದಲ್ಲಿ ರೈಲಿಗೆ ಕೊಟ್ಟದ್ದು ಓಡಾಡುವ ಹಕ್ಕು ಮಾತ್ರ, ರೈಲು ಬಿಟ್ಟ ಮೇಲೆ ನೆಲ ಜಮೀನಿನವರದ್ದೇ ಎಂದು ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಬದುವಿನ ಜಗಳ ನಮ್ಮ ತಾಲ್ಲೂಕಿನ ಸ್ವತ್ತೇನಲ್ಲ.

ಐರನ್ ಹಾರ್ಸಿನ ಪುಣ್ಯ ಬೇರೆ ರೀತಿಯದು. ಕಾಂಟ್ರಾ ಕೋಸ್ಟಾ ಕೌಂಟಿ ಸರ್ಕಾರ ತನ್ನ ಸರಹದ್ದಿನ ಪಟ್ಟಿಯನ್ನು ಕೊಂಡುಕೊಂಡಿತು. ಮುಂದೆ ನಗರ ರೈಲು ಓಡಿಸುವ ಯೋಚನೆಯೂ ಇತ್ತು. ನೆಲದಡಿ ಕೊಳವೆಗಳನ್ನು ಎಳೆಯಲೂ ಇಂಥ ನೇರ ಪಟ್ಟಿಯೇ ಅನುಕೂಲ. ಅಂದರೆ ಅದನ್ನು ಮೊದಲು ಉಳಿಸಿದ್ದು ವಾಕಿಂಗಿನ ಪ್ರೀತಿಯಲ್ಲ. ಎಂದಾದರೂ ಬೇಕಾದೀತು ಎಂಬ ದೂರದ ಆಸೆ, ಜೊತೆಗೆ ಕೈಯಲ್ಲಿ ಕ್ರಯಪತ್ರ. ನನಗೆ ಇದು ಬಹಳ ಸಮಾಧಾನ ಕೊಟ್ಟ ವಿಷಯ. ಒಳ್ಳೆಯ ದಾರಿ ಉಳಿಯಲು ಜನರೆಲ್ಲ ದೇವರಾಗಬೇಕಿಲ್ಲ, ಯಾರಾದರೂ ಒಬ್ಬರು ಅಳತೆ ಮಾಡಿ, ದುಡ್ಡು ಕೊಟ್ಟು, ಕಾಗದ ಇಟ್ಟುಕೊಂಡಿದ್ದರೆ ಆಯಿತು. ಕಳ್ಳಕಾಕರು ಬಂದಾರು, ಹಿತ್ತಿಲು ಬಯಲಾದೀತು ಎಂದು ಇಂಥ ದಾರಿಗೆ ಅಕ್ಕಪಕ್ಕದವರು ಮೊದಲು ಹೆದರುವುದು ಎಲ್ಲ ಕಡೆ ಇದ್ದದ್ದೇ. ಈಗ ಮನೆ ಮಾರುವವರು ಜಾಹೀರಾತಿನಲ್ಲಿ ಟ್ರೇಲ್ ಪಕ್ಕದಲ್ಲೇ ಎಂದು ಬರೆಸುತ್ತಾರೆ.

ಇಂಥ ದಾರಿ ಇದೊಂದೇ ಅಲ್ಲ. ವಿಸ್ಕಾನ್ಸಿನ್ ರಾಜ್ಯದ ಎಲ್‌ರಾಯ್-ಸ್ಪಾರ್ಟಾ ದಾರಿ 1967ರಷ್ಟು ಹಳೆಯದು, ಮೂರು ಸುರಂಗಗಳಿವೆ, ಟಾರ್ಚು ಬೇಕು. ಈ ಜಾತಿಯ ದಾರಿಗಳು ಆ ದೇಶದಲ್ಲಿ ಈಗ ಒಟ್ಟು 25 ಸಾವಿರ ಮೈಲಿ ದಾಟಿವೆ. ಎಲ್ಲವನ್ನೂ ತೋರಿಸುವಂತೆ ಮಗನನ್ನು ಒತ್ತಾಯಿಸಬಾರದು. ಡ್ಯಾನ್‌ವಿಲ್ ಊರಿನ ಹಳೇ ಸ್ಟೇಷನ್ನಿಗೆ ಮಾತ್ರ ಹೋಗಿಬನ್ನಿ. 1891ರ ಮರದ ಕಟ್ಟಡ, 1999ರಿಂದ ಕಣಿವೆಯ ಮ್ಯೂಸಿಯಂ. ಮೈಸೂರಿನ ರೈಲು ಮ್ಯೂಸಿಯಂ ನೋಡಿದವರಿಗೆ ಇಂಜಿನ್ನುಗಳ ಸಾಲು ಇಲ್ಲವಲ್ಲ ಎನಿಸಬಹುದು. ಆದರೆ ಬಾರದ ರೈಲಿಗೆ ನೆರಳಲ್ಲಿ ಕೂತು ಕಾಯುವ ಅನುಕೂಲ ಇಲ್ಲಿದೆ, ಬುತ್ತಿಯ ಚಿತ್ರಾನ್ನಕ್ಕೂ ಅದು ಹೊತ್ತು.

ಎಚ್ಚರಿಕೆ

ಈ ಕೈಪಿಡಿಯನ್ನು ಸಕಲೇಶಪುರ-ಸುಬ್ರಹ್ಮಣ್ಯ ರೈಲು ಮಾರ್ಗಕ್ಕೆ ಅನ್ವಯಿಸಕೂಡದು. ಹಾಸನ-ಮಂಗಳೂರು ಮೀಟರ್ ಗೇಜ್ 1979ರಲ್ಲಿ ಶುರುವಾಗಿ, ಗೇಜು ಬದಲಿಸಲೆಂದು 1996ರಲ್ಲಿ ನಿಂತಿತು. ಮತ್ತೆ ಗೂಡ್ಸು ಓಡಿದ್ದು 2006ರಲ್ಲಿ. ನಡುವಿನ ಆ ಹತ್ತು ವರ್ಷ ಅದು ಕರ್ನಾಟಕದ ಅತಿ ಚೆಂದದ ಕಾಲುದಾರಿಯಾಗಿತ್ತು. 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ, ಕೆಳಗೆ ಕಾಡು. ಬೆಂಗಳೂರಿನ ಹುಡುಗರಿಗೆ ಅಂಟಿದ ಚಟ ರೈಲು ಬಂದ ಮೇಲೂ ಬಿಡಲಿಲ್ಲ. ಈಗ ಅಲ್ಲಿ ರೈಲು ಬರುತ್ತದೆ, ಸುರಂಗದಲ್ಲಿ ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಳಿಯ ಮೇಲೆ ಅತಿಕ್ರಮ ಪ್ರವೇಶಕ್ಕೆ 1989ರ ರೈಲ್ವೆ ಕಾಯ್ದೆಯ 147ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸೆರೆ, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಮೆರಿಕದಲ್ಲಿ ರೈಲು ದಾರಿಯ ಮೇಲೆ ನಡೆದು ಬಂದೆ ಎಂದು ಮೊಮ್ಮಕ್ಕಳ ಮುಂದೆ ಹೇಳುವಾಗ, ಅಲ್ಲಿ ರೈಲು ಇರಲಿಲ್ಲ ಎಂಬುದನ್ನೂ ಸೇರಿಸಿ ಹೇಳತಕ್ಕದ್ದು.

ಊರಿಗೆ ವಾಪಸಾದ ಮೇಲೆ

ಮೊದಲ ಕೆಲವು ದಿನ ನೀವು ರಸ್ತೆಯ ಅಂಚಿನಲ್ಲಿ ನಿಂತು ಕಾರು ನಿಲ್ಲುವುದನ್ನು ಕಾಯುವಿರಿ. ಈ ಲಕ್ಷಣ ತಾನೇ ವಾಸಿಯಾಗುತ್ತದೆ.

ಕಾಲು ಮಾತ್ರ ಬೆಳಿಗ್ಗೆ ಆರಕ್ಕೆ ದಾರಿ ಕೇಳುತ್ತದೆ. ಕಬಿನಿ ಬಲದಂಡೆ ನಾಲೆ ನಿಮ್ಮ ಊರ ಹತ್ತಿರ ಹಾದುಹೋಗಿದ್ದರೆ ನಾಲೆ ಏರಿಯ ಮೇಲೆ ಹೋಗಿ. ನೀರು ಹರಿಯಬೇಕಾದ್ದರಿಂದ ಅದರ ಇಳಿಜಾರು ರೈಲಿನದಕ್ಕಿಂತಲೂ ಕಡಮೆ. ನೆಲ ಸರ್ಕಾರದ್ದು, ನಡುವೆ ಯಾರೂ ಉತ್ತಿಲ್ಲ, ಉತ್ತರೆ ಕೆಳಗಿನವರು ಸುಮ್ಮನಿರುವುದಿಲ್ಲ. ಎದುರಿಗೆ ದನ ಬಂದರೆ ನೀವೇ ಪಕ್ಕಕ್ಕೆ ಸರಿಯಿರಿ, ಅದಕ್ಕೆ ಎಡ ಬಲದ ನಿಯಮವಿಲ್ಲ. ಎಲ್ಲಿಗೆ ಎಂದು ಕೇಳುವವರು ಇಲ್ಲೂ ಸಿಗುತ್ತಾರೆ. ಬಿಳಿ ಶೂ ನೋಡಿದ ಮೇಲೆ ಅವರೇ ಉತ್ತರವನ್ನೂ ಹೇಳಿಕೊಳ್ಳುತ್ತಾರೆ.

ನಾಲೆ ಇಲ್ಲದ ಊರಿನವರು, ಹೊಲಕ್ಕೆ ಹೋಗುವ ಹಳೇ ಬಂಡಿದಾರಿಯನ್ನು ಬಿಡಿಸಿಕೊಡಿ ಎಂದು ತಹಸೀಲ್ದಾರರಿಗೆ ಅರ್ಜಿ ಕೊಡಬಹುದು. ಗ್ರಾಮ ನಕಾಶೆಯ ನಕಲು ಲಗತ್ತಿಸಿ. ಅಕ್ಕಪಕ್ಕದ ನಾಲ್ಕು ಜನರ ರುಜು ಹಾಕಿಸಿ, ಅವರಲ್ಲಿ ದಾರಿ ಉತ್ತವರು ಇಲ್ಲದಂತೆ ನೋಡಿಕೊಳ್ಳಿ, ಸಿಗುವುದು ಕಷ್ಟ. ಅರ್ಜಿಗೆ ಮುಂಚೆ ನಿಮ್ಮ ಸ್ವಂತ ಹೊಲಕ್ಕೂ ಹದ್ದುಬಸ್ತು ಮಾಡಿಸಿಕೊಳ್ಳುವುದು ಒಳ್ಳೆಯದು. ಸರ್ವೆಯರು ಬಂದು ಅಳೆದಾಗ ನಿಮ್ಮ ಅಪ್ಪಾಜಿಯವರ ಕಾಲದ ನಾಲ್ಕು ತೆಂಗಿನ ಮರ ದಾರಿಯೊಳಗೆ ಬಿದ್ದರೆ, ಅದಕ್ಕೆ ಈ ಕೈಪಿಡಿಯ ಖಾತರಿ ಅನ್ವಯಿಸುವುದಿಲ್ಲ.